ವಯಸ್ಸು ಆರು, ಕೋಚಿಂಗ್ ಹತ್ತು ಗಂಟೆ

ಪ್ರಶ್ನೆ: ಮಗನಿಗೆ 6 ವರ್ಷ. ಕ್ರಿಕೆಟ್ ಕೋಚಿಂಗ್‌ಗೆ ಹಾಕಿದ್ದೇವೆ. ವಾರಕ್ಕೆ 5 ದಿನ, ದಿನಕ್ಕೆ 2 ಗಂಟೆ. ಮೊದಮೊದಲು ಕುಣಿದುಕೊಂಡು ಹೋಗುತ್ತಿದ್ದವನು ಈಗ ಹೊಟ್ಟೆನೋವಿನ ನೆಪ ತೆಗೆಯುತ್ತಾನೆ. ಬಿಡಿಸಿದರೆ ಶಿಸ್ತು ಕೆಡುತ್ತದೆ ಎನ್ನುತ್ತಾರೆ ನಮ್ಮ ಮನೆಯವರು. ಏನು ಮಾಡಲಿ?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ರಜೆಯ ದಿನವೂ ಹೊಟ್ಟೆ ನೋಯುತ್ತಿದ್ದರೆ ವೈದ್ಯರಿಗೆ ತೋರಿಸಿ. ಇಲ್ಲವಾದರೆ ಒಂದು ಸಂಜೆ ಮೈದಾನದ ಪಕ್ಕ ಕೂತು, ಅವನು ಎಷ್ಟು ನಿಮಿಷ ಓಡಿದ, ಎಷ್ಟು ನಿಮಿಷ ಪ್ಯಾಡ್ ಕಟ್ಟಿಕೊಂಡು ಸಾಲಿನಲ್ಲಿ ನಿಂತ ಎಂದು ಗುರುತು ಹಾಕಿಕೊಳ್ಳಿ. ಇಪ್ಪತ್ತು ಮಕ್ಕಳಿಗೆ ಒಂದೇ ನೆಟ್ ಇದ್ದರೆ ಎರಡು ಗಂಟೆಯಲ್ಲಿ ಒಬ್ಬನ ಪಾಲಿಗೆ ಬರುವುದು ಆರು ನಿಮಿಷದ ಬ್ಯಾಟಿಂಗ್! ಅದು ಶಿಸ್ತಲ್ಲ, ಕಾಯುವ ಶಿಕ್ಷೆ.

5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷ ಚೆನ್ನಾಗಿ ಮೈ ದಣಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಆದರೆ ತರಬೇತಿಯ ಮಿತಿ ಬೇರೆ: ವಯಸ್ಸು ಎಷ್ಟೋ ವಾರಕ್ಕೆ ಅಷ್ಟು ಗಂಟೆ ಮೀರಬಾರದು ಎನ್ನುವುದು ಕ್ರೀಡಾವೈದ್ಯರ ಲೆಕ್ಕ. ಅದೂ ಗರಿಷ್ಠ. ಈ ವಯಸ್ಸಿಗೆ ವಾರಕ್ಕೆರಡು ದಿನ, ಮುಕ್ಕಾಲು ಗಂಟೆ ಸಾಕು. ಉಳಿದ ಸಂಜೆ ಲಗೋರಿ, ಕುಂಟೆಬಿಲ್ಲೆ ಆಡಲಿ. ಗುರಿಯಿಟ್ಟು ಎಸೆಯುವುದು, ಚೆಂಡಿನಿಂದ ತಪ್ಪಿಸಿಕೊಳ್ಳುವುದು, ಅವಸರದಲ್ಲೂ ಕಲ್ಲು ಬೀಳದಂತೆ ಪೇರಿಸುವುದು ಎಲ್ಲವೂ ಲಗೋರಿಯಲ್ಲೇ ಇವೆ. ಕುಂಟಿದಾಗ ಮೈಭಾರವೆಲ್ಲ ಒಂದೇ ಕಾಲಿಗೆ ಬಿದ್ದು ಮೂಳೆ ಬಲಿಯುತ್ತದೆ, ಸಮತೋಲ ಕೂಡಿಬರುತ್ತದೆ. ಮಕ್ಕಳು ರೂಢಿಯ ಕಾಲಲ್ಲೇ ಕುಂಟುವುದು ಜಾಸ್ತಿ. ಪ್ರತಿ ಸುತ್ತಿಗೂ ಕಾಲು ಬದಲಿಸಬೇಕೆಂಬ ನಿಯಮ ಹಾಕಿ. ಆಟ ಕತ್ತಲಾಗುವುದಕ್ಕೆ ಮುಂಚೆಯೇ ಇರಲಿ. ಹಗಲು ಬೆಳಕಿನಲ್ಲಿ ಹೊರಗೆ ಕಳೆದ ಹೊತ್ತು ಸಮೀಪದೃಷ್ಟಿಯ ಸಾಧ್ಯತೆಯನ್ನೂ ತಗ್ಗಿಸುತ್ತದೆ.

‘ಹೇಗೂ ಬೆಳೆಯುತ್ತಾನೆ’ ಎಂದು ದೊಡ್ಡ ಬ್ಯಾಟ್ ಕೊಡಿಸಿದ್ದೀರಾ? ಕಾಲ ಪಕ್ಕ ನಿಲ್ಲಿಸಿದಾಗ ಹಿಡಿಯ ತುದಿ ಸೊಂಟ ಮೀರಬಾರದು. ಭಾರ ಹೆಚ್ಚಾದರೆ ಕೆಳಗಿನ ಕೈಯೇ ಬ್ಯಾಟ್ ಎಳೆಯುತ್ತದೆ, ಹೊಡೆತ ಅಡ್ಡವಾಗುತ್ತದೆ. ಚೆಂಡು ಟೆನಿಸ್ ಚೆಂಡೇ ಇರಲಿ.

ಪ್ರಶ್ನೆ: ಮಗಳಿಗೆ 10 ವರ್ಷ. ಖೊಖೊ ಆಡಿ ಬಂದ ಸಂಜೆ ಹಿಮ್ಮಡಿ ನೋವೆನ್ನುತ್ತಾಳೆ. ಉಳುಕಿರಬಹುದೇ?
– ಓದುಗರು, ಶಿರಸಿ

ಉತ್ತರ: ಹಿಮ್ಮಡಿಯನ್ನು ಎರಡೂ ಬದಿಯಿಂದ ಒತ್ತಿದಾಗ ನೋವಾದರೆ ಬಹುಮಟ್ಟಿಗೆ ಉಳುಕಲ್ಲ. ಅಲ್ಲಿ ಮೂಳೆ ಇನ್ನೂ ಬೆಳೆಯುತ್ತಿರುವ ಭಾಗವನ್ನು ಮೀನಖಂಡ ಎಳೆಯುವುದರಿಂದ ಬರುವ ನೋವು. 8ರಿಂದ 14 ವರ್ಷದೊಳಗೆ ಸಾಮಾನ್ಯ. ನೋವಿಳಿಯುವ ತನಕ ಓಟ, ಜಿಗಿತ ಕಡಿಮೆ ಮಾಡಿಸಿ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 10–15 ನಿಮಿಷ ಇಡಿ. ಸಿಮೆಂಟ್ ನೆಲದ ಮೇಲೆ ಬರಿಗಾಲಲ್ಲಿ ಆಡುವುದು ಬೇಡ. ಊತ, ಜ್ವರ, ರಾತ್ರಿ ಎಚ್ಚರಿಸುವ ನೋವು ಇದ್ದರೆ ತಡಮಾಡದೆ ಮೂಳೆ ವೈದ್ಯರಲ್ಲಿಗೆ ಕರೆದೊಯ್ಯಿರಿ.