ಅಪ್ಪ ಹೊಲ ಒತ್ತೆ ಇಡ್ತೀನಿ ಅಂತಾರೆ, ನನಗೆ ಬಿಕಾಂ ಸಾಕು

ಮೇಡಂ, ನಾನು ಬ್ಯಾಡಗಿಯವಳು. ಹೈಸ್ಕೂಲು, ಪಿಯು ಎರಡೂ ಸರ್ಕಾರಿಯಲ್ಲೇ ಓದಿದೆ. ಈಗ ಸೆಕೆಂಡ್ ಪಿಯು ಕಾಮರ್ಸ್ ಪರೀಕ್ಷೆ ಬರೆದಿದ್ದೇನೆ. ಅಪ್ಪ ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಗುಮಾಸ್ತರು, ಸಂಬಳ 18,000. ಸೀಸನ್ನಿನಲ್ಲಿ ರಾತ್ರಿ ಅವರ ಜೊತೆ ಕೂತು ಲೆಕ್ಕ ತಾಳೆ ನೋಡುತ್ತೇನೆ. ಆ ಕೆಲಸ ನನಗೆ ಇಷ್ಟ. ಬಿಕಾಂ ಮಾಡಿ, ಸಾಧ್ಯವಾದರೆ ಸಿಎ ಓದುವ ಆಸೆ. ಬೆಂಗಳೂರಿನ ಸೋದರಮಾವ ಮಾತ್ರ, ‘ಬಿಕಾಂ ಮಾಡಿದವರು ಬೀದಿಗೊಬ್ಬರು ಸಿಗ್ತಾರೆ, ಬಿಬಿಎಗೆ ಹಾಕಿ’ ಎಂದು ಒಂದು ಖಾಸಗಿ ಕಾಲೇಜು ತೋರಿಸಿದ್ದಾರೆ. ಫೀಸು ವರ್ಷಕ್ಕೆ ಎರಡೂವರೆ ಲಕ್ಷ. ಉಳಿದುಕೊಳ್ಳಲು ಪಿಜಿಗೆ ತಿಂಗಳಿಗೆ 9,000. ಅಪ್ಪ ಹೊಲ ಒತ್ತೆ ಇಡಲು ತಯಾರು. ಏಜೆಂಟ್ ಒಬ್ಬರು ದಿನಾ ಅಪ್ಪನಿಗೆ ಫೋನ್ ಮಾಡಿ, ‘ಇವತ್ತೇ 25,000 ಕಟ್ಟಿ, ಇಲ್ಲಾಂದ್ರೆ ಸೀಟು ಹೋಗುತ್ತೆ’ ಅನ್ನುತ್ತಾರೆ. ಬೇಡ ಅಂದರೆ ಅಪ್ಪನಿಗೆ ನೋವು. ಹೂಂ ಅಂದರೆ ನನಗೆ ನಿದ್ದೆ ಇಲ್ಲ. ಏನು ಮಾಡಲಿ?

ತಂಗಿ, ಮೊದಲು ಆ 25,000ದ ಮಾತು ಮುಗಿಸೋಣ. ಕಟ್ಟಬೇಡಿ. ರಿಸಲ್ಟ್ ಕೂಡ ಬರುವ ಮೊದಲೇ ಹೀಗೆ ಅವಸರ ಮಾಡಿಸುವವರಿಗೆ ನಿನ್ನ ಓದಿನ ಚಿಂತೆ ಇರುವುದಿಲ್ಲ. ಹಣ ಕಟ್ಟುವುದಿದ್ದರೆ ಕಾಲೇಜಿಗೇ ಹೋಗಿ, ಕಾಲೇಜಿನ ಖಾತೆಗೇ ಕಟ್ಟಿ, ರಸೀದಿ ಪಡೆಯಬೇಕು. ಮಾರ್ಕ್ಸ್ ಕಾರ್ಡಿನ ಒರಿಜಿನಲ್ ಕೂಡ ಯಾರ ಹತ್ತಿರವೂ ಬಿಟ್ಟು ಬರಬೇಡ. ಕಾಲೇಜಿನವರು ನೋಡಿ ವಾಪಸ್ ಕೊಡಬೇಕು, ಇಟ್ಟುಕೊಳ್ಳುವಂತಿಲ್ಲ ಎಂದು ಯೂನಿವರ್ಸಿಟಿಗಳ ಮೇಲಿನ ಕೇಂದ್ರ ಸಂಸ್ಥೆ ಯುಜಿಸಿಯೇ ಹೇಳಿದೆ.

ಈಗ ನಿನ್ನ ಪ್ರಶ್ನೆ. ಮಾವ ಹೇಳಿದ್ದು ಪೂರ್ತಿ ಸುಳ್ಳಲ್ಲ. ಬಿಕಾಂ ಮಾಡಿದವರು ಬಹಳ ಜನ ಇದ್ದಾರೆ. ಬಿಬಿಎ ಮಾಡಿದವರೂ ಬಹಳ ಜನ ಇದ್ದಾರೆ. ಡಿಗ್ರಿಯ ಹೆಸರು ನೋಡಿ ಆರಿಸುವುದಕ್ಕಿಂತ, ದಿನಾ ಬೆಳಿಗ್ಗೆ ಎದ್ದು ಯಾವ ಕೆಲಸ ಮಾಡಲು ನಿನಗೆ ಇಷ್ಟ ಎಂದು ಕೇಳಿಕೋ. ಬಿಬಿಎಯಲ್ಲಿ ಮಾರ್ಕೆಟಿಂಗ್, ಎಚ್‌ಆರ್, ಸಂಸ್ಥೆ ನಡೆಸುವ ಬಗೆ ಜಾಸ್ತಿ. ಜನರ ಜೊತೆ ಬೆರೆತು ಕೆಲಸ ಮಾಡಿಸುವುದರಲ್ಲಿ ಖುಷಿ ಕಾಣುವವರಿಗೆ ಅದು ಒಳ್ಳೆಯ ಓದು. ಬಿಕಾಂನಲ್ಲಿ ಅಕೌಂಟ್ಸ್, ಟ್ಯಾಕ್ಸ್, ಕಾಸ್ಟಿಂಗ್, ಆಡಿಟ್ ಜಾಸ್ತಿ. ಕಿರ್ದಿ ಖಾತೆ ತಾಳೆಯಾದಾಗ ಸಮಾಧಾನ ಪಡುವ ಹುಡುಗಿ ನೀನು. ಹತ್ತು ರೂಪಾಯಿ ವ್ಯತ್ಯಾಸ ಬಂದರೂ ಬಿಡದೆ ಹುಡುಕುವ ಆ ಹಟ ಎಲ್ಲರಿಗೂ ಇರುವುದಿಲ್ಲ, ಗೊತ್ತಾ?

ಮುಂದೆ ಮನಸ್ಸು ಬದಲಾದರೆ ಎಂಬ ಹೆದರಿಕೆಯೂ ಬೇಡ. ಎಂಬಿಎಗೆ ಯಾವ ಡಿಗ್ರಿ ಆದರೂ ಆಗುತ್ತದೆ. ಅದಕ್ಕೆ ನಮ್ಮ ರಾಜ್ಯದ ಪ್ರವೇಶ ಪರೀಕ್ಷೆ ಪಿಜಿಸಿಇಟಿ ಬರೆಯಲು ಡಿಗ್ರಿಯಲ್ಲಿ ಶೇ 50 ಅಂಕ ಇದ್ದರಾಯಿತು. ಪರಿಶಿಷ್ಟರಿಗೆ, ಪ್ರವರ್ಗ 1ಕ್ಕೆ ಶೇ 45 ಸಾಕು.

ಸಿಎ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪಿಯು ಮುಗಿದವರಿಗೆ ಮೊದಲ ಮೆಟ್ಟಿಲು ಫೌಂಡೇಶನ್. ನಾಲ್ಕು ಪೇಪರು. ಒಂದೊಂದರಲ್ಲೂ 40, ಒಟ್ಟಾರೆ ಶೇ 50 ಬರಬೇಕು. 2024ರಿಂದ ಈ ಪರೀಕ್ಷೆ ವರ್ಷಕ್ಕೆ ಮೂರು ಸಲ ನಡೆಯುತ್ತಿದೆ. ಆಮೇಲೆ ಇಂಟರ್, ಸಿಎ ಒಬ್ಬರ ಕೈಕೆಳಗೆ ಕೆಲಸ ಕಲಿಯುವ ಎರಡು ವರ್ಷದ ಆರ್ಟಿಕಲ್‌ಶಿಪ್, ಫೈನಲ್. ಕಷ್ಟ ಹೌದು. ಬಹಳ ಜನ ಒಂದೇ ಸಲಕ್ಕೆ ಪಾಸಾಗುವುದಿಲ್ಲ. ಇನ್ನೊಂದು ತೊಡಕು ಭಾಷೆಯದು. ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಮಾತ್ರ ಬರೆಯಬಹುದು, ಕನ್ನಡದಲ್ಲಿ ಇಲ್ಲ. ಇದು ನನಗೆ ಬೇಸರದ ಸಂಗತಿ. ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಈ ರಜೆಯಲ್ಲೇ ಅಕೌಂಟ್ಸ್ ಪುಸ್ತಕವನ್ನು ಇಂಗ್ಲಿಷಿನಲ್ಲಿ ಓದಲು ಶುರು ಮಾಡು.

ಆದರೆ ಇದನ್ನೂ ಕೇಳು. ಫೌಂಡೇಶನ್ ಈಗಲೇ ಆಗದಿದ್ದರೆ ಬಾಗಿಲು ಮುಚ್ಚುವುದಿಲ್ಲ. ಬಿಕಾಂನಲ್ಲಿ ಶೇ 55 ತೆಗೆದರೆ ಫೌಂಡೇಶನ್ ಬರೆಯದೆ ನೇರವಾಗಿ ಇಂಟರ್‌ಗೆ ಸೇರಬಹುದು. ಹಾಗಾಗಿ ಬಿಕಾಂ ನಿನ್ನ ಪಾಲಿಗೆ ಸುಮ್ನೆ ಕಾಲ ಕಳೆಯುವ ಡಿಗ್ರಿ ಅಲ್ಲ. ಸಿಎ ಸಂಸ್ಥೆಯ ಶಾಖೆ ಹುಬ್ಬಳ್ಳಿಯಲ್ಲೇ ಇದೆ. ಒಂದು ದಿನ ಅಪ್ಪನ ಜೊತೆ ಹೋಗಿ ವಿಚಾರಿಸಿಕೊಂಡು ಬಾ.

ಇನ್ನು ಅಪ್ಪ. ನಿನಗೆ ನಿದ್ದೆ ಕೆಡಿಸಿರುವುದು ಅದೇ ಅಲ್ವಾ? ಬೇರೆಯವರ ಲೆಕ್ಕ ಬರೆಯುತ್ತಾ ವರ್ಷಗಟ್ಟಲೆ ಕೂತವರಿಗೆ ಮಗಳು ದೊಡ್ಡ ಊರಲ್ಲಿ ಓದಲಿ ಅನ್ನಿಸುತ್ತದೆ. ಹೊಲ ಒತ್ತೆ ಇಡುತ್ತೇನೆ ಅನ್ನುವ ಮಾತಿನ ಹಿಂದೆ ಆ ಆಸೆ ಇದೆ. ಅದನ್ನು ‘ಬೇಡ’ ಎಂಬ ಒಂದೇ ಮಾತಲ್ಲಿ ತಳ್ಳಬೇಡ. ಅವರಿಗೆ ತಿಳಿಯುವ ಭಾಷೆಯಲ್ಲಿ ಹೇಳು. ಒಂದು ನೋಟ್‌ಬುಕ್ ತೆಗೆದುಕೊಂಡು ಪಕ್ಕದಲ್ಲಿ ಕೂತುಕೋ. ಮೂರು ವರ್ಷದ ಫೀಸು ಏಳೂವರೆ ಲಕ್ಷ. ಪಿಜಿ 3,24,000. ಒಟ್ಟು 10,74,000. ಬಸ್ಸು, ಬಟ್ಟೆ, ಪುಸ್ತಕ ಇದರಲ್ಲಿ ಸೇರಿಲ್ಲ. ಅಪ್ಪನ ಐದು ವರ್ಷದ ಸಂಬಳ 10,80,000. ಒಂದು ರೂಪಾಯಿ ಕೂಡ ಖರ್ಚು ಮಾಡದೆ ಇಟ್ಟರೂ ಐದು ವರ್ಷ! ಅದರ ಕೆಳಗೇ ಬಿಕಾಂ, ಸಿಎ ಖರ್ಚು ಬರೆ. ಆ ಎರಡು ಮೊತ್ತ ನೋಡಿದ ಮೇಲೆ ಅಪ್ಪನಿಗೆ ನೀನು ಜಾಸ್ತಿ ಹೇಳಬೇಕಾಗಿಲ್ಲ. ‘ಅಪ್ಪಾ, ನಿನ್ನ ಕೆಲಸ ನೋಡಿಯೇ ನನಗೆ ಈ ಆಸೆ ಹುಟ್ಟಿದ್ದು’ ಅನ್ನುವುದನ್ನು ಮಾತ್ರ ಮರೆಯದೆ ಹೇಳು. ಆ ಮಾತನ್ನು ಅವರು ಇನ್ನೂ ಕೇಳಿಲ್ಲ ಅನ್ನಿಸುತ್ತದೆ.

ಅಷ್ಟಾದರೂ ಮಾವ ಬಿಬಿಎ ಎಂದೇ ಹಿಡಿದರೆ, ಜಗಳ ಬೇಡ, ಎರಡು ಪ್ರಶ್ನೆ ಕೇಳು. ಡಿಗ್ರಿ ಕೊಡುವುದು ಯಾವ ಯೂನಿವರ್ಸಿಟಿ? ಕಾಲೇಜಿಗೆ ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ ಎಐಸಿಟಿಇಯ ಅನುಮತಿ ಇದೆಯಾ? 2024-25ರಿಂದ ಬಿಬಿಎ ಅದರ ಕೆಳಗೆ ಬಂದಿದೆ.

ಅರ್ಜಿಯ ಕೆಲಸ ಈಗಲೇ ಶುರು ಮಾಡು. ಸರ್ಕಾರಿ ಡಿಗ್ರಿ ಕಾಲೇಜುಗಳ ಪ್ರವೇಶ ಯುಯುಸಿಎಂಎಸ್ ಪೋರ್ಟಲ್‌ನಲ್ಲಿ ನಡೆಯುತ್ತದೆ. 2024-25ರಿಂದ ಡಿಗ್ರಿ ಮತ್ತೆ ಮೂರೇ ವರ್ಷ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲೂ ಆಧಾರ್‌ನಲ್ಲೂ ಹೆಸರು ಒಂದೇ ರೀತಿ ಇದೆಯಾ ನೋಡು. ಒಂದು ಅಕ್ಷರ ಆಚೀಚೆ ಆಗಿದ್ದರೂ ಸ್ಕಾಲರ್‌ಶಿಪ್‌ನಲ್ಲಿ ತೊಂದರೆ ಕೊಡುತ್ತದೆ. ನಾಡಕಚೇರಿಯಲ್ಲಿ ಜಾತಿ, ಆದಾಯ ಪ್ರಮಾಣಪತ್ರ ಮಾಡಿಸಿಕೋ. ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ಆ ಪ್ರಮಾಣಪತ್ರದ ಮೇಲಿರುವ ಆರ್‌ಡಿ ನಂಬರ್ ಕೇಳುತ್ತಾರೆ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಲಿ. ಸರ್ಕಾರಿ ಶಾಲೆ, ಸರ್ಕಾರಿ ಪಿಯುನಲ್ಲಿ ಓದಿ ಡಿಗ್ರಿ ಸೇರುವ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ವರ್ಷಕ್ಕೆ 30,000 ಕೊಡುತ್ತದೆ. ನಮ್ಮಲ್ಲಿ ಅದರ ಹೆಸರು ದೀಪಿಕಾ ವಿದ್ಯಾರ್ಥಿವೇತನ. ಅದಕ್ಕೂ ಅರ್ಜಿ ಹಾಕು.

ಆ ಏಜೆಂಟ್ ಇನ್ನೊಮ್ಮೆ ಫೋನ್ ಮಾಡಿದರೆ ಅಪ್ಪನ ಕೈಗೆ ಕೊಡಬೇಡ. ನೀನೇ ಎತ್ತಿ ‘ನಮಗೆ ಬೇಡ’ ಎಂದು ಹೇಳಿ ಇಟ್ಟುಬಿಡು.