ಸೆಕೆಗಾಲದಲ್ಲಿ ಮೂತ್ರ ಕಡಿಮೆಯಾಗಿ ಗಾಢ ಹಳದಿಯಾಗುವುದೇಕೆ?

ಮೇ ತಿಂಗಳ ಕಾರವಾರದಲ್ಲಿ ಗಾಳಿಯ ತೇವದಿಂದಾಗಿ ಬೆವರು ಬೇಗ ಆರುವುದಿಲ್ಲ. ಬೈತಖೋಲ ಬಂದರಿನಲ್ಲಿ ಮೀನಿನ ಬುಟ್ಟಿ ಹೊರುವವರ ಮೈ ತಣಿಯದೆ ಇನ್ನಷ್ಟು ಬೆವರುತ್ತದೆ. ಬೆವರಿನಲ್ಲಿ ಉಪ್ಪಿಗಿಂತ ನೀರೇ ಹೆಚ್ಚು ಹೋಗುವುದರಿಂದ ರಕ್ತದ ಲವಣಸಾಂದ್ರತೆ ಏರುತ್ತದೆ. ಶೇ. 1ರಿಂದ 2ರಷ್ಟು ಏರಿಕೆಯನ್ನೂ ಮೆದುಳಿನ ಹೈಪೋಥಲಾಮಸ್ ಭಾಗದ ಕೋಶಗಳು ಗುರುತಿಸಿ, ಒಂದೆಡೆ ಬಾಯಾರಿಕೆಯನ್ನು ಎಬ್ಬಿಸುತ್ತವೆ, ಇನ್ನೊಂದೆಡೆ ಅಲ್ಲಿಯೇ ತಯಾರಾಗಿ ಪಿಟ್ಯುಟರಿ ಗ್ರಂಥಿಯ ಹಿಂಭಾಗದಲ್ಲಿ ಸಂಗ್ರಹವಾಗಿರುವ ವ್ಯಾಸೊಪ್ರೆಸಿನ್ ಎಂಬ ಹಾರ್ಮೋನು ರಕ್ತಕ್ಕೆ ಬಿಡುಗಡೆಯಾಗುವಂತೆ ಮಾಡುತ್ತವೆ.

ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸಿ, ಅದರ ಬಹುಪಾಲನ್ನು ಮರಳಿ ಹೀರಿಕೊಳ್ಳುತ್ತವೆ. ವ್ಯಾಸೊಪ್ರೆಸಿನ್ ತಲುಪಿದಾಗ ಅಲ್ಲಿನ ಕೊನೆಯ ಹಂತದ ನಾಳಗಳ ಕೋಶಪೊರೆಯಲ್ಲಿ ಅಕ್ವಾಪೊರಿನ್ ಎಂಬ ನೀರಿನ ಕಿಂಡಿಗಳು ಹೆಚ್ಚುತ್ತವೆ. ನೀರು ರಕ್ತಕ್ಕೆ ಮರಳುತ್ತದೆ, ಮೂತ್ರ ಗಟ್ಟಿಯಾಗಿ ಬಣ್ಣ ಗಾಢವಾಗುತ್ತದೆ.

ಒಂದು ಲೋಟ ಮುರುಗಲು ಪಾನಕ ಕುಡಿದರೆ, ಅದರ ನೀರು ರಕ್ತಕ್ಕೆ ಸೇರುವ ಮೊದಲೇ ಬಾಯಿ ಮತ್ತು ಗಂಟಲಿನ ಸಂಕೇತಗಳಿಂದ ವ್ಯಾಸೊಪ್ರೆಸಿನ್ ಇಳಿಯತೊಡಗುತ್ತದೆ. ನನ್ನ ಮಟ್ಟಿಗೆ ಈ ವ್ಯವಸ್ಥೆಯ ಅತ್ಯಂತ ಜಾಣ ಭಾಗ ಇದೇ. ಮದ್ಯವೂ ವ್ಯಾಸೊಪ್ರೆಸಿನ್ ಅನ್ನು ಇಳಿಸುತ್ತದೆ, ಆದರೆ ಅಕಾಲದಲ್ಲಿ; ಹಾಗಾಗಿ ಸೆಕೆಗೆಂದು ಮದ್ಯ ಕುಡಿದವರು ಉಳಿಸಬೇಕಾದ ನೀರನ್ನು ಮೂತ್ರದಲ್ಲಿ ಕಳೆದುಕೊಳ್ಳಬಹುದು. ಉಪ್ಪನ್ನು ಉಳಿಸುವ ಅಲ್ಡೊಸ್ಟಿರೋನ್ ಹಾರ್ಮೋನಿಗೆ ಮಾತ್ರ ಮುಖ್ಯ ಆಜ್ಞೆ ಹೊರಡುವುದು ಮೆದುಳಿನಿಂದಲ್ಲ, ಮೂತ್ರಪಿಂಡದಿಂದಲೇ.