ನೊರೆ ಹತ್ತಿಯಂತೆ ಕಾಣುವುದೇಕೆ?

ಪ್ರಶ್ನೆ: ಒಂದು ವರ್ಷದಿಂದ ಅಕ್ರಿಲಿಕ್‌ನಲ್ಲಿ ಕಡಲಿನ ಚಿತ್ರ ಬರೆಯುತ್ತಿದ್ದೇನೆ. ನೀರು ಪರವಾಗಿಲ್ಲ. ನೊರೆ ಬರೆದ ಕೂಡಲೇ ಅಲೆಗೆ ಹತ್ತಿ ಅಂಟಿಸಿದ ಹಾಗಾಗುತ್ತದೆ. ಎಷ್ಟು ಬಿಳಿ ಹಾಕಿದರೂ ಹೊಳಪಿಲ್ಲ. ಎಣ್ಣೆ ಬಣ್ಣಕ್ಕೆ ಹೋಗಲೇ?

ಉತ್ತರ: ಬೇಡ, ಅಕ್ರಿಲಿಕ್‌ನಲ್ಲೇ ಇರಿ. ‘ಎಷ್ಟು ಬಿಳಿ ಹಾಕಿದರೂ’ ಅಂದಿರಲ್ಲ, ತೊಡಕು ಇರುವುದೇ ಅಲ್ಲಿ. ಮೊದಲೇ ಅಚ್ಚ ಬಿಳಿ ಬಳಿದುಬಿಟ್ಟರೆ, ಆಮೇಲೆ ಹೊಳಪಿಗೆ ಅದಕ್ಕಿಂತ ತಿಳಿ ಬಣ್ಣ ಎಲ್ಲಿಂದ ತರುವುದು?

ಮುರಿದುಬಿದ್ದ ನೊರೆಯೂ ಒಂದು ಗುಡ್ಡೆಯೇ. ಅದಕ್ಕೆ ಬೆಳಕಿನ ಮಗ್ಗುಲಿದೆ, ನೆರಳಿನ ಮಗ್ಗುಲಿದೆ. ಮೊದಲು ಇಡೀ ನೊರೆಯನ್ನು ನೆರಳಿನ ಬಣ್ಣದಲ್ಲೇ ಬರೆಯಿರಿ. ಟೈಟಾನಿಯಂ ವೈಟ್‌ಗೆ ಸ್ವಲ್ಪ ಅಲ್ಟ್ರಾಮರೀನ್ ಬ್ಲೂ, ಚಿಟಿಕೆಯಷ್ಟು ಬರ್ನ್ಟ್ ಸಿಯೆನ್ನಾ (ಕೆಂಪು ಮಿಶ್ರಿತ ಕಂದು). ಪ್ಯಾಲೆಟ್ ಮೇಲೆ ಅದು ಮಂಕು ಬೂದು ಬಣ್ಣ. ಕ್ಯಾನ್ವಾಸ್‌ನಲ್ಲಿ ಕಡು ಹಸಿರಿನ ಪಕ್ಕ ಇಡಿ, ಆಗಲೇ ಬಿಳಿ ಅನ್ನಿಸುತ್ತದೆ! ಎಷ್ಟು ಸಲ ನೋಡಿದರೂ ನನಗೆ ಇದು ಬೆರಗೇ. ಅದು ಒಣಗಿದ ಮೇಲೆ ಬಿಸಿಲು ಬೀಳುವ ಕಡೆ ಮಾತ್ರ ಬಿಳಿಗೆ ಒಂದಿಷ್ಟು ಯೆಲ್ಲೋ ಓಕರ್ (ಮಣ್ಣಿನ ಹಳದಿ) ಬೆರೆಸಿ ಹಚ್ಚಿ. ಅಚ್ಚ ಬಿಳಿ ಕೊನೆಗೆ, ನಾಲ್ಕೈದು ಚುಕ್ಕೆ ಸಾಕು.

ಹತ್ತಿಯಂತೆ ಕಾಣಲು ಇನ್ನೊಂದು ಕಾರಣ ಅಂಚು. ಸುತ್ತಲೂ ಒಂದೇ ಸಮ ಕತ್ತರಿಸಿದಂತಿದ್ದರೆ ನೊರೆ ನೀರಿಗೆ ಸೇರುವುದೇ ಇಲ್ಲ. ಬಿಸಿಲಿನ ಕಡೆ ಅಂಚು ಚೂಪಾಗಿರಲಿ, ನೆರಳಿನ ಕಡೆ ಕರಗಲಿ. ಅಕ್ರಿಲಿಕ್ ನಿಮಿಷಗಳಲ್ಲಿ ಒಣಗುತ್ತದೆ, ಅದಕ್ಕೇ ಎಡಗೈಯಲ್ಲಿ ಇನ್ನೊಂದು ಒದ್ದೆ ಬ್ರಷ್ ಹಿಡಿದಿರಿ. ಹಚ್ಚಿದ ತಕ್ಷಣ ಅಂಚನ್ನು ಅದರಿಂದ ಎಳೆಯಿರಿ. ಒಣಗಿದಾಗ ಬಣ್ಣ ತುಸು ಗಾಢವಾಗುತ್ತದೆ, ಆದ್ದರಿಂದ ಕಲಸುವಾಗಲೇ ಸ್ವಲ್ಪ ತಿಳಿ ಮಾಡಿಕೊಳ್ಳಿ. ಎಣ್ಣೆಯಲ್ಲಿ ಅಂಚು ಕರಗಿಸುವುದು ಸುಲಭ, ನಿಜ. ಆದರೆ ಕೆಳಗಿನ ಹಸಿರು ಹಸಿಯಾಗಿದ್ದರೆ ಬಿಳಿಗೆ ಹತ್ತಿಕೊಂಡು ಎಲ್ಲ ಕೊಳೆಯಾಗುತ್ತದೆ. ದಿನಗಟ್ಟಲೆ ಕಾಯಬೇಕು.

ನೀವು ಕೇಳದಿದ್ದರೂ ಒಂದು ಮಾತು. ಅಲೆಯ ನಿಜವಾದ ಬೆಳಕು ನೊರೆಯಲ್ಲಿಲ್ಲ, ಅದರ ಕೆಳಗಿದೆ. ಏಳುತ್ತಿರುವ ಅಲೆಯ ತುದಿಯಲ್ಲಿ ನೀರು ತೆಳ್ಳಗಿರುತ್ತದೆ. ಸೂರ್ಯ ಅಲೆಯ ಹಿಂದಿದ್ದರೆ ಬೆಳಕು ಅಲ್ಲಿ ತೂರಿ ಬರುತ್ತದೆ. ಅಲ್ಲಿ ವಿರಿಡಿಯನ್‌ಗೆ (ನೀಲಿ ಛಾಯೆಯ ಹಸಿರು) ನಿಂಬೆ ಹಳದಿ ಬೆರೆಸಿ, ಕೆಳಕ್ಕೆ ಬರುತ್ತಾ ನೀಲಿಗೆ ಇಳಿಸಿ. ಕಡಲಿನ ಚಿತ್ರಗಳಿಗೇ ಹೆಸರಾದ ರಷ್ಯಾದ ಕಲಾವಿದ ಐವಾಜೋವ್ಸ್ಕಿ 1850ರಲ್ಲಿ ಬರೆದ ‘ಒಂಬತ್ತನೇ ಅಲೆ’ಯಲ್ಲಿ ಆ ಹಸಿರನ್ನು ದೊಡ್ಡದು ಮಾಡಿ ನೋಡಿ.

ಇನ್ನು ನೀರಿನ ಮೇಲೆ ಬಲೆಯಂತೆ ಹರಡುವ ನೊರೆ. ಅದರಲ್ಲಿ ಗೆರೆಗಿಂತ ತೂತುಗಳ ಆಕಾರ ಮುಖ್ಯ. ಹತ್ತಿರದವು ದೊಡ್ಡವು, ದೂರ ಹೋದಂತೆ ಚಪ್ಪಟೆ. ಅಲೆಯ ಮೈ ಮೇಲೆ ಬಂದಾಗ ಅವೇ ತೂತುಗಳು ಮೇಲಕ್ಕೆ ಎಳೆದಂತೆ ಉದ್ದವಾಗಬೇಕು. ಸುಮ್ನೆ ಒಂದೇ ಅಳತೆಯಲ್ಲಿ ತುಂಬಿಸಿದರೆ ಅಲೆ ಮಲಗಿಬಿಡುತ್ತದೆ.